ಹತ್ತು ದಿನದ ಕಡ್ಡಾಯ ರಜೆ

ನಾನು ಯಾವ ವಿಷಯ ಕಲಿಸುತ್ತೇನೆ ಎಂದು ಹೇಳಿದರೆ ಮದುವೆ ಮನೆಯಲ್ಲಿ ಪಕ್ಕದ ಎಲೆಯವರು ಪಲ್ಯ ಹೆಂಗೈತಿ ಅಂತ ಮಾತು ತಿರುಗಿಸುತ್ತಾರೆ. ಆಂತರಿಕ ನಿಯಂತ್ರಣ. ಒಂದು ಸಂಸ್ಥೆಯೊಳಗೆ ಯಾರೂ ಸುಲಭವಾಗಿ ತಪ್ಪು ಮಾಡದಂತೆ, ಮಾಡಿದರೂ ಬೇಗ ಬಯಲಾಗುವಂತೆ ಕೆಲಸವನ್ನು ಹಂಚಿಡುವ ವಿದ್ಯೆ ಅದು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಪತ್ತಿನ ಸಂಘಗಳ ಕ್ಲಾರ್ಕುಗಳಿಗೆ, ಸೆಕ್ರೆಟರಿಗಳಿಗೆ ಇದನ್ನು ಕಲಿಸುತ್ತಲೇ ನನ್ನ ತಲೆ ಬೆಳ್ಳಗಾಯಿತು. ಕೊಣ್ಣೂರಿನ ನಮ್ಮ ಮನೆಯಲ್ಲಿ ಅತ್ತೆಯವರು ಇದನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು: "ಯಾರನ್ನೂ ನಂಬಬ್ಯಾಡ್ರಿ ಅಂತ ಹೇಳಿ ಪಗಾರ ತಗೋತಾಳ ನಮ್ಮ ಸೊಸಿ." ಆ ಮಾತಿಗೆ ನನಗೆ ಬಹಳ ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ. ಯಾಕೆಂದು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಗೋಕಾಕದಲ್ಲಿ ಮೂರು ದಿನದ ತರಬೇತಿ ಇತ್ತು. ಕಲ್ಯಾಣ ಮಂಟಪವೊಂದರ ಊಟದ ಹಾಲ್. ಹಿಂದಿನ ದಿನದ ಮದುವೆಯ ಸಾರಿನ ವಾಸನೆ ಇನ್ನೂ ಗೋಡೆಗೆ ಹತ್ತಿಕೊಂಡಿತ್ತು. ಮೊದಲ ದಿನ ಬೆಳಿಗ್ಗೆ ನನ್ನದೊಂದು ಆಟ ಇರುತ್ತಿತ್ತು. ಬಂದವರಿಗೆಲ್ಲ, "ನಿಮ್ಮ ನಿಮ್ಮ ಸಂಘದ ಚಾವಿ ಯಾರ ಕಡೆ ಇದೆಯೋ ಅವರು ಮೇಜಿನ ಮೇಲೆ ತಂದಿಡಿ" ಎನ್ನುತ್ತಿದ್ದೆ. ಗೊಂಚಲು ಗೊಂಚಲು ಚಾವಿ ಬಂದು ಬೀಳುತ್ತಿದ್ದವು. ಆಮೇಲೆ ಕೇಳುತ್ತಿದ್ದೆ: "ಚಾವಿ ಗೋಕಾಕದಲ್ಲಿ ಇದೆ. ಹಾಗಾದರೆ ಇವತ್ತು ನಿಮ್ಮ ಊರಿನಲ್ಲಿ ತಿಜೋರಿ ತೆಗೆದವರು ಯಾರು?" ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮೂರು ದಿನದ ಪಾಠ ಆ ಒಂದು ಪ್ರಶ್ನೆಯಲ್ಲಿ ಅರ್ಧ ಮುಗಿಯುತ್ತಿತ್ತು. ಆ ದಿನಗಳಲ್ಲಿ ನನ್ನ ಜಾಣತನದ ಮೇಲೆ ನನಗೇ ಬಹಳ ಪ್ರೀತಿ.

ಅವತ್ತು ಕೊನೆಯ ಸಾಲಿನಿಂದ ಒಬ್ಬ ಹಿರಿಯರು ಎದ್ದು ಬಂದರು. ಬಿಳಿ ಟೊಪ್ಪಿಗೆ, ಹಣೆಯ ತುಂಬ ವಿಭೂತಿ, ಮೊಣಕೈ ಸವೆದ ಬಿಳಿ ಅಂಗಿ. ಮೂಡಲಗಿ ಕಡೆಯ ಒಂದು ಹಳ್ಳಿಯ ಸಣ್ಣ ಸಂಘದಲ್ಲಿ ಮೂವತ್ತು ವರ್ಷಗಳಿಂದ ಕ್ಲಾರ್ಕ್. ಒಡವೆ ಇಟ್ಟುಕೊಂಡು ಸಾಲ ಕೊಡುವ ಸಂಘ. ಅವರು ಮೇಜಿನ ಮುಂದೆ ನಿಂತು ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದರು. ಎದೆಯ ಮೇಲೆ ಇಷ್ಟಲಿಂಗದ ಬೆಳ್ಳಿಯ ಕರಡಿಗೆ, ಅದರ ಪಕ್ಕದಲ್ಲೇ ಇನ್ನೊಂದು ದಾರ, ಆ ದಾರದಲ್ಲಿ ಎರಡು ಉದ್ದನೆಯ ಚಾವಿ. ತಿಜೋರಿಗೆ ಎರಡು ಚಾವಿ ಇರುವುದು ಇಬ್ಬರ ಕೈಯಲ್ಲಿ ಇರಲೆಂದು. ಒಬ್ಬನೇ ತೆಗೆಯಬಾರದೆಂದು. ಇಲ್ಲಿ ಎರಡೂ ಒಂದೇ ಕೊರಳಲ್ಲಿ!

"ಎರಡನೇದು ಸೆಕ್ರೆಟರಿ ಕಡೆ ಇರಬೇಕಲ್ಲರಿ?" ಎಂದೆ.

"ಖರೆ ಐತ್ರಿ ಅಕ್ಕೋರ. ಆದ್ರ ಅಂವಾ ಸಂಬಂಧದಾಗ ನಮಗ ಅಣ್ಣನ ಮಗ ಆಗಬೇಕು. ಸಣ್ಣಾಂವ. 'ಕಾಕಾ, ನೀವು ತಿಜೋರಿ ತಗಿಯುಮುಂದ ನಾ ಬಂದು ಬಾಜೂಕ ನಿಂತ್ರ ನಿಮ್ಮನ್ನ ಕಾಯಾಕ ನಿಂತಂಗ ಆಗ್ತೇತಿ, ಇದನ್ನೂ ನೀವ ಇಟಗೋರಿ' ಅಂದ. ಇಟಗೊಂಡೇನಿ."

ಇಡೀ ಹಾಲ್ ನಕ್ಕಿತು. ಅವರೂ ನಕ್ಕರು. ನಾನು ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ: ನಂಬಿಕೆ ಒಳ್ಳೆಯದು, ಆದರೆ ನಂಬಿಕೆ ಒಂದು ವ್ಯವಸ್ಥೆಯಲ್ಲ. ಅವರು ತಮ್ಮ ಜಾಗಕ್ಕೆ ಹೋಗಿ ಆ ಸಾಲನ್ನು ವಹಿಯಲ್ಲಿ ಬರೆದುಕೊಂಡರು. ಮೂರೂ ದಿನ ಅವರಷ್ಟು ಬರೆದುಕೊಂಡವರು ಇನ್ನೊಬ್ಬರಿಲ್ಲ. ಬೇರೆಯವರು ಚಹಾ ಕುಡಿದು ಕರದಂಟು ಕೊಳ್ಳಲು ಪೇಟೆಗೆ ಹೋದಾಗ ಇವರು ನನ್ನ ಹತ್ತಿರ ಬಂದು, ಇದಕ್ಕೆ ಹೀಗೇಕೆ, ಅದಕ್ಕೆ ಹಾಗೇಕೆ ಎಂದು ಕೇಳುತ್ತಿದ್ದರು. ನಿವೃತ್ತಿಗೆ ಎರಡು ವರ್ಷ ಇದ್ದವರು ಹೊಸದಾಗಿ ಶಾಲೆಗೆ ಸೇರಿದ ಹುಡುಗರಂತೆ ಕೇಳಿದರೆ ಯಾವ ಕಲಿಸುವವಳಿಗೆ ಸಂತೋಷ ಆಗುವುದಿಲ್ಲ?

ಕೊನೆಯ ದಿನ ಅವರೇ ಕೇಳಿದರು. "ನಮ್ಮ ಸಂಘಕ್ಕೂ ಒಮ್ಮೆ ಬಂದು ಎಲ್ಲಾ ಹೊಂದಿಸಿ ಕೊಡ್ರಿ ಅಕ್ಕೋರ. ನಾ ಹೋಗುದರಾಗ ಎಲ್ಲಾ ಸರಿ ಆಗಬೇಕು." ಊರಿಗೆ ಹೋಗಿ ಚೇರಮನ್ನರನ್ನು ಒಪ್ಪಿಸಿದವರೂ ಅವರೇ. ಇದು ನನಗೆ ಇವತ್ತಿಗೂ ನುಂಗಲಾಗದ ತುತ್ತು. ನನ್ನನ್ನು ಆ ಊರಿಗೆ ಕರೆದವರೇ ಅವರು.

ಕಬ್ಬು ಕಡಿಯುವ ದಿನಗಳಲ್ಲಿ ನಾನು ಅಲ್ಲಿಗೆ ಹೋದೆ. ದಿನಾ ಕೊಣ್ಣೂರಿನಿಂದ ಬಸ್ಸು, ಮತ್ತೆ ಗೋಕಾಕದಿಂದ ಇನ್ನೊಂದು ಬಸ್ಸು, ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಹಿಂದೆ. ಸಂಘ ಎಂದರೆ ಗುಡಿಯ ಎದುರಿಗೆ ಎರಡು ಕೋಣೆ. ಮೊದಲನೆಯ ವಾರ ಎಲ್ಲ ಸಲೀಸಾಗಿ ನಡೆಯಿತು. ಎರಡನೇ ಚಾವಿ ಸೆಕ್ರೆಟರಿಯ ಕೈಗೆ ಹೋಯಿತು. ಒಡವೆ ತೂಗುವವನು ಒಬ್ಬ, ಬರೆಯುವವನು ಒಬ್ಬ, ಪೊಟ್ಟಣಕ್ಕೆ ಅರಗು ಹಚ್ಚುವವನು ಇನ್ನೊಬ್ಬ ಎಂದಾಯಿತು. ಹಿರಿಯರು ಎಲ್ಲದಕ್ಕೂ "ಬರೋಬ್ಬರಿ ಐತ್ರಿ" ಎನ್ನುತ್ತ ತಾವೇ ಮುಂದೆ ನಿಂತು ಮಾಡಿಸಿದರು.

ಆಮೇಲೆ ಉಳಿದದ್ದು ಕಡ್ಡಾಯ ರಜೆ. ನಮ್ಮ ವಿದ್ಯೆಯಲ್ಲಿ ಇದು ದೊಡ್ಡ ಅಸ್ತ್ರ. ಜವಾಬ್ದಾರಿಯ ಜಾಗದಲ್ಲಿ ಇರುವವರು ವರ್ಷಕ್ಕೊಮ್ಮೆ ಹತ್ತು ದಿನ ಒಟ್ಟಿಗೆ ರಜೆ ಹೋಗಲೇಬೇಕು. ಆ ಹತ್ತು ದಿನ ಬೇರೆಯವರು ಅವರ ಕೆಲಸ ಮಾಡುತ್ತಾರೆ, ಎಲ್ಲವನ್ನೂ ಎಣಿಸಿ ನೋಡುತ್ತಾರೆ. ಏನಾದರೂ ಮುಚ್ಚಿಟ್ಟಿದ್ದರೆ ಆಗ ಹೊರಬೀಳುತ್ತದೆ. ರಜೆಯಲ್ಲಿ ಇರುವವರು ಆ ಅವಧಿಯಲ್ಲಿ ಆಫೀಸಿನೊಳಗೆ ಕಾಲಿಡುವಂತಿಲ್ಲ. ಯಾರು ಒಂದೇ ಕುರ್ಚಿಯಲ್ಲಿ ಬಹಳ ವರ್ಷ ಕೂತಿದ್ದಾರೋ ಅವರಿಂದಲೇ ಶುರು ಮಾಡಬೇಕು. ನಾನು ಪಟ್ಟಿಯಲ್ಲಿ ಮೊದಲ ಹೆಸರು ಅವರದ್ದೇ ಬರೆದೆ.

ಅವರು ಅದನ್ನು ನೋಡಿ ನಕ್ಕರು. "ಮೂವತ್ತ ವರ್ಷದಾಗ ಒಂದೊಂದ ದಿನ ತಗೊಂಡೇನಿ. ಹತ್ತ ದಿನ ಮನ್ಯಾಗ ಕುಂತು ಏನ್ ಮಾಡ್ಲಿರಿ? ಹೇಂತಿ ಕೈಲೆ ಬೈಸಿಕೊಳ್ಳೂದಾಗ್ತೇತಿ." ಮಾರನೇ ದಿನ ಬೆಳಿಗ್ಗೆ ಕೊರಳಿನ ದಾರದಿಂದ ಉಳಿದ ಒಂದು ಚಾವಿಯನ್ನೂ ಬಿಚ್ಚಿ, ಮೇಜಿನ ಮೇಲೆ ಇಟ್ಟು, ಕೈ ಮುಗಿದು ಹೋದರು. ಬರೀ ದಾರ ಕೊರಳಲ್ಲೇ ಉಳಿದಿತ್ತು.

ನಾನು ಚೇರಮನ್ನರಿಗೆ ನಿಯಮದ ಪ್ರತಿ ಕೊಟ್ಟಿದ್ದೆ, ಸೆಕ್ರೆಟರಿಗೆ ತಿಳಿಸಿ ಹೇಳಿದ್ದೆ, ಠರಾವಿನ ಮೇಲೆ ಸಹಿ ಮಾಡಿಸಿದ್ದೆ. ಊರಿಗೆ ಹೇಳಬೇಕು ಎಂಬುದು ಮಾತ್ರ ನನ್ನ ತಲೆಗೆ ಬಂದಿರಲಿಲ್ಲ. ಆ ಊರಿನಲ್ಲಿ ಒಬ್ಬ ಮನುಷ್ಯನ ಕೈಯಿಂದ ಚಾವಿ ಹೋಯಿತು ಎಂದರೆ ಒಂದೇ ಅರ್ಥ. ಮನೆಯಲ್ಲಿ ಅತ್ತೆ ಸೊಸೆಯಿಂದ ಕಣಜದ ಚಾವಿ ಕಸಿದುಕೊಂಡರೂ ಅದೇ ಅರ್ಥ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ನಾನೂ ಇದೇ ಸೀಮೆಯ ಮಗಳು. ಆದರೆ ಪಾಠ ಹೇಳಿ ಹೇಳಿ ನನಗೆ ಚಾವಿ ಎಂದರೆ ಬರೀ ಚಾವಿಯಾಗಿತ್ತು.

ರಜೆಯ ಮೊದಲ ದಿನವೇ ಮಸಗುಪ್ಪಿಯಿಂದ ಒಬ್ಬಾಕೆ ಮಗಳ ಮದುವೆಗೆಂದು ಒತ್ತೆ ಇಟ್ಟ ಬೋರಮಾಳ ಸರ ಬಿಡಿಸಿಕೊಳ್ಳಲು ಬಂದಳು. ಆಕೆ ನೋಡಿದ್ದೇನು? ಹಿರಿಯರ ಕುರ್ಚಿ ಖಾಲಿ. ಪರಊರಿನ ಹೆಂಗಸೊಬ್ಬಳು ಕನ್ನಡಕ ಹಾಕಿಕೊಂಡು ತಿಜೋರಿಯ ಪೊಟ್ಟಣಗಳನ್ನೆಲ್ಲ ಮೇಜಿನ ಮೇಲೆ ಹರವಿ, ಅರಗು ನೋಡಿ ನೋಡಿ ತೂಗಿಸುತ್ತಿದ್ದಾಳೆ. "ಕಾಕಾ ಎಲ್ಲೆದಾರ್ರಿ?" ಎಂದು ಕೇಳಿದಳು. "ಅವರು ಹತ್ತು ದಿನ ಬರುವುದಿಲ್ಲ" ಎಂದೆ. ತಲೆ ಎತ್ತದೆ ಹೇಳಿದೆ. ಲೆಕ್ಕ ತಪ್ಪುತ್ತದೆಂದು.

ಮೂರನೇ ದಿನ ಬೆಳಿಗ್ಗೆ ನಾನು ಬಸ್ಸಿಳಿದಾಗ ಸಂಘದ ಮುಂದೆ ಹೆಂಗಸರ ಸಾಲು. ತಮ್ಮ ತಮ್ಮ ಒಡವೆಯನ್ನು ಕಣ್ಣಾರೆ ನೋಡಬೇಕಂತೆ. ಪಾಟಲಿ ಇಟ್ಟವರು, ಗುಂಡಿನ ಸರ ಇಟ್ಟವರು, ಸತ್ತ ತಾಯಿಯ ಬುಗುಡಿ ಇಟ್ಟವಳೊಬ್ಬಳು ಅಳುತ್ತಲೇ ನಿಂತಿದ್ದಳು. ಸೆಕ್ರೆಟರಿ ಬಾಗಿಲಲ್ಲಿ ನಿಂತು ಏನೇನೋ ಹೇಳುತ್ತಿದ್ದ, ಯಾರೂ ಕೇಳುತ್ತಿರಲಿಲ್ಲ.

ಅಷ್ಟೊತ್ತಿಗೆ ಹಿರಿಯರು ಬಂದರು. ಗದ್ದಲ ಕೇಳಿ, ಜನಕ್ಕೆ ಸಮಾಧಾನ ಹೇಳಲೆಂದು ಮನೆಯಿಂದ ನಡೆದು ಬಂದಿದ್ದರು. ಹೆಂಗಸರು ಅವರಿಗೆ ದಾರಿ ಬಿಟ್ಟರು. ಅವರು ದಿನದ ರೂಢಿಯಂತೆ ಚಪ್ಪಲಿಯನ್ನು ಮೆಟ್ಟಿಲ ಬದಿಗೆ ಬಿಟ್ಟು, ಹೊಸ್ತಿಲಿಗೆ ಬಲಗಾಲು ಎತ್ತಿದರು. ನಾನು ಒಳಗಿನಿಂದ ಎದ್ದು ಬಂದು ಅಡ್ಡ ನಿಂತೆ.

"ರಜೆ ಮುಗಿಯುವ ತನಕ ನೀವು ಒಳಗೆ ಬರುವಂತಿಲ್ಲ."

ಅದನ್ನು ನಾನು ಮೆಲ್ಲಗೆ ಹೇಳಬಹುದಿತ್ತು. ಅವರನ್ನು ಬದಿಗೆ ಕರೆದು ಹೇಳಬಹುದಿತ್ತು. ನಾನೇ ಹೊರಗೆ ಬಂದು ಆ ಹೆಂಗಸರ ಮುಂದೆ, ಇದು ಎಲ್ಲರಿಗೂ ಇರುವ ನಿಯಮ, ಮುಂದಿನ ತಿಂಗಳು ಸೆಕ್ರೆಟರಿಯೂ ಹೋಗುತ್ತಾನೆ ಎನ್ನಬಹುದಿತ್ತು. ಇವೆಲ್ಲ ನನಗೆ ಸಂಜೆ ಬಸ್ಸಿನಲ್ಲಿ ಹೊಳೆದವು. ಆ ಗಳಿಗೆಯಲ್ಲಿ ನನಗೆ ನನ್ನ ನಿಯಮ ಮುರಿಯಬಾರದು ಎಂಬುದೊಂದೇ ಹಟ. ಅವರು ನನ್ನ ಮುಖ ನೋಡಿದರು. "ಹೌದಲ್ಲರಿ, ಮರತಿದ್ದೆ" ಎಂದರು. ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಬಗ್ಗಿ ಚಪ್ಪಲಿ ಮೆಟ್ಟಿಕೊಳ್ಳುವಾಗ ಒಂದು ಚಪ್ಪಲಿ ಸಿಗಲೇ ಇಲ್ಲ, ಕಾಲಿನಿಂದ ತಡಕಾಡಿದರು. ಸಾಲಿನಲ್ಲಿದ್ದ ಯಾರೂ ಅದನ್ನು ಅವರ ಕಡೆ ಸರಿಸಲಿಲ್ಲ.

ಐದನೇ ದಿನ ಸಂಜೆ ಬಸ್ ಸ್ಟಾಪಿನಲ್ಲಿ ಅವರ ಹೆಂಡತಿ ನನಗಾಗಿ ಕಾದಿದ್ದರು. ತಲೆಯ ಮೇಲಿನ ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದರು.

"ನಮ್ಮ ಮನಿಯವ್ರು ಏನರ ತಗೊಂಡಾರೇನ್ರಿ?"

"ಇಲ್ಲವ್ವಾ. ಇಲ್ಲೀತನಕ ನೋಡಿದ್ದೆಲ್ಲ ಸರಿ ಐತಿ."

"ಹಂಗಾರ ಯಾಕ ಮನಿಗೆ ಕಳಿಸಿದ್ರಿ?"

ನಾನು ವಿವರಿಸಿದೆ. ಇದು ಶಿಕ್ಷೆ ಅಲ್ಲ, ಅವರ ರಕ್ಷಣೆಗೇ ಮಾಡಿದ್ದು, ನಾಳೆ ಯಾರೂ ಅವರತ್ತ ಬೆರಳು ತೋರಿಸಬಾರದಲ್ಲ, ದೊಡ್ಡ ದೊಡ್ಡ ಬ್ಯಾಂಕುಗಳಲ್ಲೂ ಹೀಗೇ ಮಾಡುತ್ತಾರೆ. ನಾಲ್ಕು ಕಾರಣ ಹೇಳಿದೆ. ಹಲಗೆಯ ಮೇಲೆ ಬರೆಯುವ ಅವೇ ನಾಲ್ಕು. ಆಕೆ ಪೂರ್ತಿ ಕೇಳಿಸಿಕೊಂಡರು.

"ಅದೆಲ್ಲಾ ನನಗ ತಿಳಿಯೂದಿಲ್ಲವ್ವಾ. ನಳದ ಮುಂದ ಹೆಣ್ಮಕ್ಕಳು ನಾ ಹೋದಕೂಡ್ಲೆ ಸುಮ್ಮನಾಗ್ತಾರ. ಇವ್ರು ಎರಡ ದಿನಾ ಆತು, ರೊಟ್ಟಿ ಮುಟ್ಟಿಲ್ಲ."

ಬಸ್ಸು ಬಂತು. ನಾನು ಹತ್ತಿದೆ. ಬಸ್ಸು ಬಂದದ್ದಕ್ಕೆ ನನಗೆ ಹಾಯೆನಿಸಿತ್ತು, ಸುಳ್ಳೇಕೆ ಹೇಳಲಿ.

ಹತ್ತನೇ ದಿನ ಎಣಿಕೆ ಮುಗಿಯಿತು. ಇನ್ನೂರ ಹನ್ನೊಂದು ಪೊಟ್ಟಣ. ಒಂದರಲ್ಲೂ ಒಂದು ಗುಲಗಂಜಿ ವ್ಯತ್ಯಾಸವಿಲ್ಲ. ಕೊನೆಯಲ್ಲಿ ತಿಜೋರಿಯ ಮೂಲೆಯಲ್ಲಿ ಒಂದು ಸಣ್ಣ ಕಾಗದದ ಮಡಿಕೆ ಸಿಕ್ಕಿತು. ಬಿಚ್ಚಿದರೆ ಮುರಿದ ಬಂಗಾರದ ಕೊಂಡಿ, ಅಕ್ಕಿಕಾಳಿನಷ್ಟು. ಕಾಗದದ ಮೇಲೆ ಅವರ ದುಂಡಗಿನ ಅಕ್ಷರ: "ಮೇಲವಂಕಿಯ ತಂಗಿಯ ಸರದಿಂದ ಉದುರಿದ್ದು. ಬಂದಾಗ ಕೈಗೆ ಕೊಡತಕ್ಕದ್ದು." ತೂಗಿಸಲು ಹೋದೆ. ತಕ್ಕಡಿ ಅಲುಗಲೂ ಇಲ್ಲ. ನಾನು ಆ ಕಾಗದವನ್ನು ಹಾಗೆಯೇ ಮಡಿಸಿ ಇಟ್ಟು, ವರದಿಯಲ್ಲಿ ಬರೆದೆ: ಎಲ್ಲವೂ ಸರಿಯಾಗಿದೆ.

ಅವತ್ತು ಸಂಜೆ ನಾನೇ ಅವರ ಮನೆಗೆ ಹೋದೆ. ನಾಳೆಯಿಂದ ಕೆಲಸಕ್ಕೆ ಬನ್ನಿ ಎಂದು ಸಂತೋಷದಿಂದ ಹೇಳುವ ಹುಮ್ಮಸ್ಸು ನನಗೆ. ಅವರು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಗಡ್ಡ ಬಂದಿತ್ತು. ನನ್ನ ವಹಿ ಪಕ್ಕದಲ್ಲಿತ್ತು. ನನ್ನ ವಹಿ ಎಂದರೆ ಗೋಕಾಕದಲ್ಲಿ ನಾನು ಹೇಳಿದ್ದನ್ನೆಲ್ಲ ಅವರು ಬರೆದುಕೊಂಡದ್ದು.

"ಎಲ್ಲಾ ಬರೋಬ್ಬರಿ ಬಂತು ಅಂತ ಸೆಕ್ರೆಟರಿ ಹೇಳಿದ್ನರಿ. ಬಂದೇ ಬರ್ತೈತಿ, ನನಗ ಗೊತ್ತಿತ್ತು" ಎಂದರು. ಆಮೇಲೆ ಹೇಳಿದರು: "ನಿಮ್ಮ ಕಡೆ ಒಂದ ಬೇಡಿಕಿ ಐತ್ರಿ ಅಕ್ಕೋರ. ಗುಡಿ ಮೈಕಿನ್ಯಾಗ ಒಂದ ಮಾತ ಹೇಳಸ್ರಿ. ಎಲ್ಲಾರ ಒಡವಿ ಇದ್ದಲ್ಲೇ ಅದಾವು, ಇಂಥಾಂವಾ ಏನೂ ಮಾಡಿಲ್ಲ ಅಂತ. ಬ್ಯಾರೆ ಏನೂ ಬ್ಯಾಡ."

ಆ ಊರಿನಲ್ಲಿ ಎಲ್ಲವೂ ಗುಡಿಯ ಮೈಕಿನಲ್ಲೇ ಬರುತ್ತದೆ. ಕಳೆದುಹೋದ ಆಡು, ರೇಷನ್ ಕೊಡುವ ದಿನ, ಯಾರ ಮನೆಯ ಮಣ್ಣು, ಅಂದರೆ ಶವಸಂಸ್ಕಾರ, ಎಷ್ಟು ಹೊತ್ತಿಗೆ ಎಂಬುದು ಕೂಡ. ಮೈಕಿನಲ್ಲಿ ಬಂದದ್ದು ಊರಿಗೆ ಖರೆ. ಫೈಲಿನಲ್ಲಿ ಇದ್ದದ್ದು ಯಾರಿಗೂ ಅಲ್ಲ.

ನಾನು ಚೇರಮನ್ನರನ್ನು ಕೇಳಿದೆ. ಅವರು ಕೈ ಆಡಿಸಿದರು. "ಬ್ಯಾಡ್ರಿ ಮೇಡಂ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡಂಗ ಆಗ್ತೇತಿ. ನಾವಾಗೇ ಕದ್ದಿಲ್ಲ ಅಂತ ಒದರಿದ್ರ, ಇಲ್ಲೀತನಕ ಅನುಮಾನ ಇಲ್ಲದವ್ರಿಗೂ ಬರ್ತೈತಿ. ನಾಕ ದಿನಾ ಬಿಟ್ರ ಮಂದಿ ಮರೀತಾರ." ನನಗೂ ಅದು ಸರಿಯೆನಿಸಿತು. ಅದಕ್ಕಿಂತ ಹೆಚ್ಚಾಗಿ, ತಪಾಸಣೆಯ ವರದಿ ಆಡಳಿತ ಮಂಡಳಿಗೆ ಮಾತ್ರ ಸೇರಬೇಕಾದದ್ದು, ಹೊರಗೆ ಹೇಳಬಾರದು ಎಂಬುದು ನಾನೇ ಬರೆದ ನಿಯಮ. ಹಿರಿಯರಿಗೆ ಹೋಗಿ ಅದನ್ನೇ ಹೇಳಿದೆ. ಅವರು ವಹಿ ತೆಗೆದು, ಪುಟ ಮಗುಚಿ, ಬೆರಳಿಟ್ಟು ತೋರಿಸಿದರು. "ಹೌದ್ರಿ. ನೀವು ಹೇಳಿದ್ರಿ. ಇಲ್ಲಿ ಬರಕೊಂಡೇನಿ." ಆ ಮಾತಿನಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ನಾನು ಇಷ್ಟು ವರ್ಷ ಅದನ್ನು ನೆನೆಯುತ್ತಿರಲಿಲ್ಲವೇನೋ.

ಅವರು ಕೆಲಸಕ್ಕೆ ಮರಳಲಿಲ್ಲ. ಎರಡು ಸಾಲಿನ ರಾಜೀನಾಮೆ ಬರೆದು ಸೆಕ್ರೆಟರಿಯ ಕೈಯಲ್ಲಿ ಕೊಟ್ಟು ಕಳಿಸಿದರು. ಅದಾದ ಮೇಲೆ ಊರು, ನೋಡಿದಿರಾ ನಾವು ಹೇಳಲಿಲ್ಲವೇ ಎಂದಿತು. ಏನೂ ಮಾಡದವನು ಕೆಲಸ ಯಾಕೆ ಬಿಟ್ಟ? ಮಂಡಳಿಯವರು ಮರ್ಯಾದಸ್ಥರು, ಮುಚ್ಚಿಹಾಕಿದ್ದಾರೆ. ನಾಲ್ಕು ದಿನದಲ್ಲಿ ಜನ ಮರೆಯಲಿಲ್ಲ. ಎರಡು ವರ್ಷ ಅವರು ಪಡಸಾಲೆಯಿಂದ ಹೊಲ, ಹೊಲದಿಂದ ಪಡಸಾಲೆ ಅಷ್ಟೇ ಓಡಾಡಿದರಂತೆ. ಗುಡಿಯ ಕಟ್ಟೆಗೆ ಹೋಗಿ ಕೂರುವುದನ್ನು ಬಿಟ್ಟಿದ್ದರಂತೆ. ಒಂದು ದಿನ ಸೆಕ್ರೆಟರಿ ಫೋನು ಮಾಡಿದ. "ಕಾಕಾ ಹೋಗಿಬಿಟ್ರು ಮೇಡಂ. ಈಗ ಮೈಕಿನ್ಯಾಗ ಹೇಳಿದ್ರು, ಮಣ್ಣು ಮಧ್ಯಾಹ್ನ ಮೂರಕ್ಕ ಅಂತ." ಅವರ ಹೆಸರು ಆ ಮೈಕಿನಲ್ಲಿ ಕೊನೆಗೂ ಬಂದದ್ದು ಹಾಗೆ. ನಾನು ಮಣ್ಣಿಗೆ ಹೋಗಲಿಲ್ಲ. ಆ ಹೊಸ್ತಿಲಲ್ಲಿ ಅಡ್ಡ ನಿಂತವಳು ಯಾವ ಮುಖ ಹೊತ್ತು ಹೋಗಲಿ?

ಪಾಠ ಮಾತ್ರ ಬಿಡಲಿಲ್ಲ. ಹೊಟ್ಟೆಪಾಡು ಎನ್ನಿ, ಬೇರೆ ವಿದ್ಯೆ ಗೊತ್ತಿಲ್ಲ ಎನ್ನಿ. ಚಾವಿಯ ಆಟ ನಿಲ್ಲಿಸಿದೆ. ನಂಬಿಕೆಯ ಮೇಲಿನ ಆ ಜಾಣ ಸಾಲನ್ನೂ ಬರೆಯುವುದಿಲ್ಲ. ಕಡ್ಡಾಯ ರಜೆಯನ್ನು ಈಗಲೂ ಕಲಿಸುತ್ತೇನೆ. ಮೊದಲು ಚೇರಮನ್ನರ ಕಡೆಯ ನೌಕರರು, ಸೆಕ್ರೆಟರಿ ರಜೆ ಹೋಗಲಿ, ಹೋಗುವ ಮುನ್ನ ಊರಿಗೆ ಮೈಕಿನಲ್ಲಿ ಹೇಳಿಸಿ ಎಂದು ಸೇರಿಸುತ್ತೇನೆ. ಕೇಳುವವರು ಇದನ್ನೊಂದು ಸಣ್ಣ ಸೂಚನೆ ಎಂದು ಬರೆದುಕೊಳ್ಳುತ್ತಾರೆ. ಅದರ ಹಿಂದೆ ಯಾರಿದ್ದಾರೆ ಎಂದು ನಾನು ಹೇಳಿರಲಿಲ್ಲ.

ಕಳೆದ ಸಲ ಹುಕ್ಕೇರಿಯಲ್ಲಿ ತರಬೇತಿ. ಹಾಲ್ ದೊಡ್ಡದು, ಹಾಗಾಗಿ ಮೈಕು ಕೊಟ್ಟಿದ್ದರು. ಕಡ್ಡಾಯ ರಜೆಯ ಪಾಠ ಬಂದಾಗ, ನಿಮಗೆ ಗೊತ್ತಿರುವ ಉದಾಹರಣೆ ಯಾರಾದರೂ ಹೇಳಿ ಎಂದು ಮೈಕನ್ನು ಕೆಳಗೆ ಕೊಟ್ಟೆ. ಹುಕ್ಕೇರಿ ಬದಿಯ ಒಬ್ಬ ಸೆಕ್ರೆಟರಿ ಎದ್ದ. ಮೂವತ್ತರ ಆಸುಪಾಸು, ಚುರುಕಿನವ.

"ಮೂಡಲಗಿ ಕಡೆ ಒಂದ ಸಂಘದಾಗ ಆಗಿದ್ದರಿ ಇದು. ನಮ್ಮ ಮಾವ ಹೇಳಿದ್ರು. ಒಬ್ಬ ಹಳೇ ಕ್ಲಾರ್ಕ್, ಎರಡೂ ಚಾವಿ ಕೊಳ್ಳಾಗ ಕಟಗೊಂಡ ತಿರಗ್ತಿದ್ನಂತ. ಭಾಳ ಭಕ್ತ. ಯಾರಿಗೂ ಅನುಮಾನ ಇಲ್ಲ. ಒಬ್ರು ಮೇಡಂ ಬಂದು ಅಂವನ್ನ ಹತ್ತ ದಿನ ರಜಾ ಮ್ಯಾಲ ಕಳಿಸಿ ತಿಜೋರಿ ತಗದ್ರಂತ. ಅರ್ಧಾ ಬಂಗಾರ ಇರಲಿಲ್ಲಂತ. ರಾಜೀನಾಮೆ ಕೊಟ್ಟು ಓಡಿ ಹೋದ ನೋಡ್ರಿ." ಅವನು ನನ್ನ ಕಡೆ ನೋಡಿ ಮೆಚ್ಚುಗೆಯಿಂದ ನಕ್ಕ. "ನೀವು ಹೇಳೂದು ಖರೆ ಐತ್ರಿ ಮೇಡಂ. ಈ ರೂಲು ಇರಬೇಕು."

ಅಲ್ಲಿದ್ದವರು ತಲೆಯಾಡಿಸಿದರು. ಕೆಲವರು ಬರೆದುಕೊಳ್ಳುತ್ತಿದ್ದರು. ನಾನು ಕೆಳಗಿಳಿದು ಹೋಗಿ ಅವನ ಕೈಯಿಂದ ಮೈಕು ತೆಗೆದುಕೊಂಡೆ.

"ಆ ಮೇಡಂ ನಾನೇ. ಪೊಟ್ಟಣ ಎಣಿಸಿದವಳೂ ನಾನೇ. ಇನ್ನೂರ ಹನ್ನೊಂದು, ಎಲ್ಲವೂ ಇದ್ದವು. ಆ ಮನುಷ್ಯ ಏನೂ ಮಾಡಿರಲಿಲ್ಲ."

ಆ ಸೆಕ್ರೆಟರಿಯ ಮುಖ ಸಣ್ಣದಾಯಿತು. ಆಮೇಲೆ ಅವನು, ಕೆಟ್ಟ ಮನಸ್ಸಿನಿಂದಲ್ಲ, ಖರೇನೇ ತಿಳಿಯದೆ ಕೇಳಿದ:

"ಹಂಗಾರ ಅವ್ರನ್ನ ಯಾಕ ಮನಿಗೆ ಕಳಿಸಿದ್ರಿ ಮೇಡಂ?"

ಆ ನಾಲ್ಕು ಕಾರಣಗಳು ನನ್ನ ಹಿಂದೆ ಹಲಗೆಯ ಮೇಲೇ ಇದ್ದವು, ಆಗತಾನೇ ನನ್ನ ಕೈಯಾರೆ ಬರೆದದ್ದು. ಒಂದನ್ನೂ ಓದಿ ಹೇಳಲು ನನ್ನಿಂದ ಆಗಲಿಲ್ಲ. ಅವರು ನನ್ನ ಹತ್ತಿರ ಬೇಡಿದ್ದ ಒಂದೇ ಒಂದು ಮಾತನ್ನು ನಾನು ಕೊನೆಗೂ ಮೈಕಿನಲ್ಲಿ ಹೇಳಿದ್ದೆ. ಹುಕ್ಕೇರಿಯಲ್ಲಿ. ಆ ಊರಿನವರು ಅಲ್ಲಿ ಒಬ್ಬರೂ ಇರಲಿಲ್ಲ.